ಎಲ್ಲರ ಬೆರಳೂ ದೀಪದ ಮೇಲೆ

ಜುಲೈ 12, ಶನಿವಾರ, ಬೆಳಗ್ಗೆ 10.40. ನನ್ನ ಚಿತ್ರದ ಹಿಂದೆ ಯಾರೋ ಬಿದ್ದಿದ್ದಾರೆ ಎಂಬ ಅನುಮಾನ ಶುರುವಾದದ್ದು ಆಗ. ಕೋಣೆಯ ಗೋಡೆಗೆ ಅಂಟಿಸಿದ್ದ ಪ್ರಿಂಟ್ ಅಲ್ಲಿರಲಿಲ್ಲ. ಗಾಳಿಗೆ ಹಾರಿಹೋಗಿದ್ದರೆ ಟೇಪು ಜೋತಾಡುತ್ತಿರಬೇಕಿತ್ತು. ಯಾರೋ ಅದನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ, ಹಾಳೆ ತೆಗೆದುಕೊಂಡು, ಟೇಪನ್ನು ಮತ್ತೆ ಗೋಡೆಗೇ ಒತ್ತಿದ್ದರು.

ಅದು ಮಕ್ಕಳ ಕಥೆಯೊಂದರ ಮುಖಪುಟ. ರೆಕ್ಕೆಯಿರುವ ಸರ್ಪವೊಂದು ಹುಡುಗನನ್ನು ಮಾಯದ ನಿದ್ದೆಗೆ ತಳ್ಳಿ ಗವಿಯಲ್ಲಿ ಇಟ್ಟುಕೊಂಡಿದೆ. ಅವನನ್ನು ಬಿಡಿಸಲು ಅಕ್ಕ ಕತ್ತಿ ಹಿಡಿದು ಬಂದಿದ್ದಾಳೆ. ಮೇಲೆ ಸರ್ಪ, ನಡುವೆ ಅಕ್ಕ, ಕೆಳಗೆ ಎಡಕ್ಕೆ ನೆಲದ ಮೇಲೆ ಅಂಗಾತ ಮಲಗಿದ ತಮ್ಮ. ಅವನ ಮುಖ ಕತ್ತಲಲ್ಲಿ ಮುಳುಗುತ್ತಿತ್ತು, ಹಾಗಾಗಿ ತಲೆಯ ಹತ್ತಿರ ಒಂದು ಹಣತೆ ಇಟ್ಟಿದ್ದೆ. ಮುಖಕ್ಕೆ ಮಾದರಿ ನನ್ನ ತಮ್ಮನೇ. ರಾಂಜಣಗಾಂವದ ಫ್ಯಾಕ್ಟರಿಯಿಂದ ರಾತ್ರಿ ಪಾಳಿ ಮುಗಿಸಿ ಬಂದು ಬಿದ್ದುಕೊಂಡಿದ್ದಾಗ ಫೋನಿನಲ್ಲಿ ಹಿಡಿದಿದ್ದೆ.

ನಾವಿರುವುದು ಮರಾಠಿ ಸೀಮೆಯಲ್ಲಿ, ಪ್ರಕಾಶಕಿಯೂ ಮರಾಠಿಯವರು. ಕರಡು ನೋಡಿ, "ಮುಲ್ಗೀ ಆಧೀ ದಿಸಾಯ್ಲಾ ಹವೀ" ಎಂದಿದ್ದರು. ಹುಡುಗಿ ಮೊದಲು ಕಾಣಬೇಕು, ಕಣ್ಣು ಬೇರೆಲ್ಲೋ ಓಡುತ್ತಿದೆ, ಮುಂದಿನ ಶುಕ್ರವಾರದೊಳಗೆ ಸರಿಹೋಗದಿದ್ದರೆ ಕೆಲಸ ಬೇರೆಯವರಿಗೆ. ಇದು ನನ್ನ ಮೊದಲ ಮುಖಪುಟ.

ಕಣ್ಣು ಎಲ್ಲಿಗೆ ಓಡುತ್ತಿದೆ ಎಂದು ತಿಳಿಯಲು ನನ್ನದೊಂದು ವಿಧಾನವಿದೆ. ಬಂದವರ ಮುಂದೆ ಹಾಳೆಯನ್ನು ತಟ್ಟನೆ ಮಗುಚಿ, ನೋಟ ಮೊದಲು ಬಿದ್ದಲ್ಲಿ ಬೆರಳಿಡಿ ಎನ್ನುತ್ತೇನೆ. ಡೈರಿಯಲ್ಲಿ ಗೀಟು ಹಾಕುತ್ತೇನೆ. ಮೊದಲ ಸುತ್ತಿನಲ್ಲಿ ಏಳು ಜನ. ಸರ್ಪಕ್ಕೆ ಒಂದು, ಹುಡುಗಿಗೆ ಒಂದು, ದೀಪಕ್ಕೆ ಐದು.

ಕಣ್ಣು ಕಿರಿದು ಮಾಡಿಕೊಂಡು ನೋಡಿದೆ. ಬಣ್ಣ ತೆಗೆದು ಬರೀ ಕಪ್ಪು ಬಿಳುಪಿನಲ್ಲಿ ನೋಡಿದೆ. ಎಲ್ಲಕ್ಕಿಂತ ಬೆಳಗುತ್ತಿದ್ದುದು ಕತ್ತಿ, ದೀಪವಲ್ಲ. ಆದರೂ ದೀಪವನ್ನು ಹುಣಸೆ ಬೀಜದಷ್ಟು ಮಾಡಿ, ಉರಿಯನ್ನು ಮಂಕಾಗಿಸಿದೆ. ಸರ್ಪದ ಕೊರಳನ್ನು ಹುಡುಗಿಯತ್ತ ಬಾಗಿಸಿದೆ. ಅವಳ ಬೆನ್ನ ಹಿಂದೆ ತಿಳಿ ಮಂಜು ಹರಡಿ, ಸುತ್ತಲಿನ ಕಲ್ಲುಗಳ ಅಂಚನ್ನು ಮಸುಕು ಮಾಡಿದೆ. ಮತ್ತೆ ತೋರಿಸಿದರೆ, ಬೆರಳುಗಳು ಮತ್ತೆ ಆ ಬೀಜದ ಮೇಲೆಯೇ ಬಂದವು. ನಾನು ಕಲಿತ ಯಾವ ನಿಯಮದಲ್ಲೂ ಅದಕ್ಕೆ ಕಾರಣವಿರಲಿಲ್ಲ.

"ಅಪ್ಪಾ, ದೀಪದ ಮ್ಯಾಲ ಯಾಕ ಬೆರಳಿಟ್ರಿ?"

"ಸುಮ್ನ. ಅದನ್ನ ತಗದ ಬಿಡವಾ."

"ಯಾಕ?"

"ಛಂದ ಕಾಣ್ಸೂದಿಲ್ಲ," ಎಂದು ಅಪ್ಪ ಚಪ್ಪಲಿ ಹುಡುಕತೊಡಗಿದರು. ಖಡಕಿಯಲ್ಲಿರುವ ಕಚೇರಿಗೆ ಹೊರಡಲು ಇನ್ನೂ ಅರ್ಧ ಗಂಟೆಯಿತ್ತು.

ಕೆಳಗಿನ ಕಿರಾಣಿ ಅಂಗಡಿಯ ಕಾಕಾ, ನಮ್ಮ ಊರ ಕಡೆಯವರೇ, ತಿಂಗಳ ಬಾಕಿ ಕೇಳಲು ಬಂದವರು ದೀಪದ ಮೇಲೆ ಬೆರಳಿಟ್ಟು, ಬಿಸಿ ತಾಗಿದಂತೆ ಹಿಂದಕ್ಕೆಳೆದರು. "ಬ್ಯಾರೆ ಏನರ ಬರಿಯವಾ ತಂಗಿ. ಹೂವಾ ಗೀವಾ."

ಹೆಚ್ಚುಕಡಿಮೆ ಎಲ್ಲರಿಗೂ ಒಂದೇ ಜಾಗ, ಯಾರೂ ಕಾರಣ ಹೇಳುತ್ತಿಲ್ಲ. ಇವರಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂದುಕೊಂಡೆ. ನನ್ನ ಕಣ್ಣು ಎದುರು ಫ್ಲ್ಯಾಟಿನವಳ ಮೇಲೆ ಬಿತ್ತು. ಬೆಂಗಳೂರಿನವಳು, ಐಟಿ ಕಂಪನಿಯಲ್ಲಿ ಕೆಲಸ, ರಜೆಯಲ್ಲಿ ತಾನೂ ಚಿತ್ರ ಬರೆಯುತ್ತಾಳೆ, ಅವ್ವನ ರೊಟ್ಟಿಗಾಗಿ ಸಂಜೆ ನಮ್ಮಲ್ಲಿಗೆ ಬರುತ್ತಾಳೆ. ಹುಡುಗಿಯ ಮೇಲೆ ಬೆರಳಿಟ್ಟವಳು ಅವಳೊಬ್ಬಳೇ. ನನಗೆ ಬೇಕಾದ ಉತ್ತರ ಅವಳಿಗೆ ಹೇಗೆ ಗೊತ್ತು? ಪ್ರಿಂಟ್ ನೀನು ತೆಗೆದುಕೊಂಡೆಯಾ ಎಂದು ನೇರವಾಗಿ ಕೇಳಿದೆ.

"ಅಯ್ಯೋ, ನಾನ್ಯಾಕೆ ತಗೊಳ್ಲಿ ಕಣೇ? ಬೇಕಿದ್ರೆ ಫೋನಲ್ಲಿ ಫೋಟೊ ಹೊಡ್ಕೋತಿದ್ದೆ!"

ಇಂಥ ಉತ್ತರದಿಂದ ಸಮಾಧಾನವಾಗುವುದು ಹೇಗೆ? ಆದರೆ ಭಾನುವಾರ ಬೆಳಗ್ಗೆ ಅವಳು ಊರಿಗೆ ಹೋದಳು. ಆ ಮಧ್ಯಾಹ್ನ ನಾನು ಎರಡನೇ ಪ್ರಿಂಟ್ ಅಂಟಿಸಿದೆ. ಸೋಮವಾರ ಎದ್ದಾಗ ಅದೂ ಇರಲಿಲ್ಲ. ಟೇಪು ಮಾತ್ರ ಅಚ್ಚುಕಟ್ಟಾಗಿ ಗೋಡೆಯ ಮೇಲಿತ್ತು. ಅಂದರೆ ಕೈ ಮನೆಯೊಳಗಿನದೇ. ಆಮೇಲೆ ನಾನು ಊಟಕ್ಕೆ ಕೂತಾಗಲೂ ಎಲ್ಲರ ಉಗುರು ನೋಡುತ್ತಿದ್ದೆ.

ಬುಧವಾರ ದೌಂಡದಿಂದ ಸೋದರತ್ತೆ ಹಲ್ಲು ತೋರಿಸಿಕೊಳ್ಳಲು ಬಂದರು. ರೈಲ್ವೆ ಕ್ವಾರ್ಟರ್ಸಿನಲ್ಲಿ ಗಾಡಿಗಳ ಸದ್ದಿನ ನಡುವೆ ಇದ್ದೂ ಇದ್ದೂ ಅವರಿಗೆ ಮೆಲ್ಲಗೆ ಮಾತಾಡುವುದು ಮರೆತೇಹೋಗಿದೆ. ಚಹಾ ಕುಡಿಯುತ್ತಿದ್ದವರ ಮುಂದೆ ಮೂರನೇ ಪ್ರಿಂಟ್ ಮಗುಚಿದೆ. ಅತ್ತೆ ಬೆರಳಿಡಲಿಲ್ಲ, ಚಹಾದ ಬಶಿ ಕೆಳಗಿಟ್ಟರು.

"ಏನ ಹುಚ್ಚಿ ಅದೀಯಲ್ಲ! ನೆಲದ ಮ್ಯಾಲ ಮಲಗಿಸಿ, ತಲಿ ಹತ್ರ ಒಂಟಿ ದೀಪ ಹಚ್ಚೀಯಲ್ಲ. ಹೆಣಕ್ಕ ಇಡ್ತಾರ ಹಂಗ! ಅದೂ ನಮ್ಮ ಕೂಸಿನ ಮಾರಿ ಬರದು!"

"ಅಕ್ಕಾರ, ಸಾಕ ಮಾಡ್ರಿ," ಎಂದಳು ಅವ್ವ ಅಡುಗೆಮನೆಯಿಂದ.

"ನೀವೆಲ್ಲಾ ಬಾಯಿ ಹೊಲಕೊಂಡ ಕೂತ್ರ ಅಕಿಗೆ ಹ್ಯಾಂಗ ತಿಳೀಬೇಕ?"

ನನಗೆ ತಿಳಿದಿರಲಿಲ್ಲ. ಸಾವಿನ ಮನೆಗೆ ಹೋಗುವಾಗ ದೊಡ್ಡವರು ಮಕ್ಕಳನ್ನು ಪಕ್ಕದವರಲ್ಲಿ ಬಿಟ್ಟು ಹೋಗುತ್ತಿದ್ದರು. ನಾನು ಒಳಗೆ ಕಾಲಿಟ್ಟವಳಲ್ಲ. ತಿಳಿದವರು ಹೇಳುವಂತಿರಲಿಲ್ಲ, ಬಾಯಿಬಿಟ್ಟು ಹೇಳಿದರೆ ಕೆಟ್ಟದ್ದನ್ನು ಕರೆದಂತೆ. ತೋರಿಸು ಎಂದದ್ದಕ್ಕೆ ತೋರಿಸಿದ್ದರು, ಅಷ್ಟೇ.

ಅವ್ವ ಕೈ ಒರೆಸಿಕೊಳ್ಳುತ್ತ ಬಂದು, ದೇವರ ಮಂಟಪದ ಬಟ್ಟೆಯ ಕೆಳಗಿನಿಂದ ಎರಡು ಹಾಳೆ ತೆಗೆದಳು. "ಅಂವಾ ರಾತ್ರಿ ಪೂರಾ ಮಷೀನಿನ ಮುಂದ ನಿಂತಿರ್ತಾನ. ಇಲ್ಲೆ ಗ್ವಾಡಿ ಮ್ಯಾಲ ಇದು."

"ಹರದ ಒಗದಿದ್ರ ಆಗ್ತಿತ್ತಲ್ಲ," ಎಂದೆ.

"ಮಾರಿ ಅವಂದಲ್ಲೇನ. ಹ್ಯಾಂಗ ಹರೀಲಿ?"

ಈಚೆಗೆ ದಿನಾ ಬೆಳಗ್ಗೆ ಕಂಪನಿ ಬಸ್ಸು ಬರುವವರೆಗೆ ಅವ್ವ ಬಾಲ್ಕನಿಯಲ್ಲೇ ನಿಂತಿರುತ್ತಿದ್ದಳು. ಅದೊಂದರ ಬಗ್ಗೆ ನನಗೆ ಅನುಮಾನವೇ ಬಂದಿರಲಿಲ್ಲ.

ಗಲಾಟೆಗೆ ತಮ್ಮ ಎದ್ದು ಬಂದ. ಚಿತ್ರ ನೋಡಿ, "ಹಂಗಾರ ನಾ ಹೋಗೇಬಿಟ್ಟೇನನ್ರಿ. ನಾಳೆ ಡ್ಯೂಟಿಗೆ ರಜಾ ಸಿಗತದೇನ?" ಎಂದ. ಅವ್ವ ಕೈಯಲ್ಲಿದ್ದ ವಸ್ತ್ರದಿಂದಲೇ ಅವನಿಗೆ ಬಾರಿಸಿದಳು.

ಗುರುವಾರವಿಡೀ ಬರೆದೆ. ನೆಲದಿಂದ ದೀಪ ಎತ್ತಿ ಅಕ್ಕನ ಎಡಗೈಗೆ ಕೊಟ್ಟೆ. ಬೆಳಕು ಮೊದಲು ಅವಳ ಮುಖಕ್ಕೆ, ಆಮೇಲೆ ಕತ್ತಿಗೆ, ಕೊನೆಗೆ ತಮ್ಮನ ಕೆನ್ನೆಗೆ ಇಳಿಯಿತು. ತಮ್ಮನನ್ನು ಮಗ್ಗುಲಾಗಿಸಿ, ಮೊಣಕಾಲು ಮಡಿಸಿ, ಅಂಗೈಯನ್ನು ಕೆನ್ನೆಯಡಿ ಇಟ್ಟೆ. ಚಿತ್ರವನ್ನು ಮೊದಲು ನೋಡಿರದ ಆರು ಜನರಿಗೆ ತೋರಿಸಿದೆ. ಐವರ ಬೆರಳು ಹುಡುಗಿಯ ಮೇಲೆ ಬಂತು. ಶುಕ್ರವಾರ ಕಳಿಸಿದೆ, ಸಂಜೆಗೆ ಒಪ್ಪಿಗೆ ಬಂತು. ಇನ್ನು ಅಚ್ಚಿಗೆ ಹೋಗಬೇಕು.

ಅವ್ವನಿಗೆ ತೋರಿಸಿದ್ದು ಒಪ್ಪಿಗೆ ಬಂದ ಮೇಲೆ. ತಮ್ಮನ ಮೇಲೆ ಬೆರಳಿಟ್ಟು, "ಈಗ ಮಲಗ್ಯಾನ," ಎಂದಳು. ಆದರೆ ಹಾಳೆ ಮರಳಿಸುವಾಗ ಅವಳ ಕಣ್ಣು ಮೇಲೆ ಬಲಮೂಲೆಯಲ್ಲಿ ನಿಂತದ್ದನ್ನು ನಾನು ನೋಡಿದೆ.

"ಏನವ್ವಾ?"

"ಏನಿಲ್ಲ. ಛಂದ ಅದ."

ಅಲ್ಲಿರುವುದು ಗವಿಯ ಬಾಯಿ, ಆಚೆ ಒಂದು ಬೋಳು ಮರ, ಅರ್ಧ ಚಂದ್ರ, ಎರಡು ಹಕ್ಕಿ. ಒಂದೊಂದನ್ನೇ ಮುಚ್ಚಿ ತೋರಿಸಿದೆ, ಅವ್ವ ಒಲೆಯ ಕಡೆ ತಿರುಗಿದಳು. ಅತ್ತೆಗೆ ಚಿತ್ರ ಕಳಿಸಿ ಫೋನ್ ಮಾಡಿದರೆ, "ನನಗೇನೂ ಅನ್ಸೂದಿಲ್ಲವಾ, ನಿಮ್ಮವ್ವನ್ನ ಕೇಳ," ಎಂದರು.

ಚಿತ್ರದಲ್ಲಿ ಹಿರಿಯರ ಕಣ್ಣು ನಿಲ್ಲುವ, ಆದರೆ ಅವರು ಬಾಯಿಬಿಡದ ಇಂಥ ಸಂಗತಿಗಳು ನಿಮ್ಮ ಮನೆಗಳಲ್ಲೂ ಇರಬಹುದು. ಈ ನಾಲ್ಕರಲ್ಲಿ ಯಾವುದು, ಯಾಕೆ ಎಂದು ಬಲ್ಲವರು ದಯವಿಟ್ಟು ನನಗೆ ಬರೆಯಿರಿ, ಯಾವ ಊರಿನ ಮಾತು ಎಂಬುದನ್ನೂ ಸೇರಿಸಿ. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಬಂದರೆ ತಿದ್ದಲು ಸಮಯವಿದೆ.