ಅಣ್ಣನನ್ನು ಗೇಟಿಗೆ ತಳ್ಳಿದ ರಕ್ತಪರೀಕ್ಷೆ

ನನ್ನ ಅಣ್ಣ ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಗಡು ಒತ್ತಿ ಕತ್ತರಿಸುವ ಪವರ್ ಪ್ರೆಸ್ಸಿನ ಆಪರೇಟರ್. ನಾನು ಪತ್ರಿಕೆಯೊಂದರಲ್ಲಿ ಸುದ್ದಿ ತಿದ್ದಿ ಪುಟ ಕಟ್ಟುವ ಡೆಸ್ಕಿನಲ್ಲಿದ್ದೆ. ಮಾಕಳಿಯಲ್ಲಿ ಇಬ್ಬರದೂ ಒಂದೇ ಮನೆ. ೨೦೧೦ರ ಆಸುಪಾಸಿನ ಮಾತು.

ಆಯುಧಪೂಜೆಯ ಹಿಂದಿನ ದಿನ ಆಪರೇಟರುಗಳು ತಮ್ಮ ಯಂತ್ರವನ್ನು ತಾವೇ ಬರಿಗೈಯಲ್ಲಿ ಉಜ್ಜಬೇಕು. ಕೈಗವಸು ಹಾಕಿ ಮುಟ್ಟಿದರೆ ಪೂಜೆಗೆ ಸಲ್ಲದು ಎಂಬುದು ಆ ಶೆಡ್ಡಿನವರ ನಂಬಿಕೆ. ಆ ವರ್ಷ ತಗಡಿನ ಚೂರೊಂದು ಅಣ್ಣನ ಅಂಗೈಗೆ ಹೊಕ್ಕು ಕೀವು ತುಂಬಿತು. ಕೈ ಊದಿಕೊಂಡಿದ್ದಾಗಲೇ ಕಾರ್ಖಾನೆಯಲ್ಲಿ ಆರೋಗ್ಯ ತಪಾಸಣೆ ನಡೆಯಿತು. ಇನ್ನೊಂದು ಕೈಯಿಂದ ರಕ್ತ ಕೊಟ್ಟು ಬಂದ.

ವರದಿಯಲ್ಲಿ ಸಿಆರ್‌ಪಿ ಮಿತಿ ಮೀರಿತ್ತು. ದೇಹದಲ್ಲಿ ಎಲ್ಲೋ ಉರಿಯೂತ ಇದೆ ಎಂದು ತಿಳಿಸುವ ಪ್ರೋಟೀನ್ ಅದು. ಎಲ್ಲಿ ಎಂದು ಅದು ಹೇಳುವುದಿಲ್ಲ. ಅಣ್ಣನ ವಿಷಯದಲ್ಲಿ ಹೇಳುವ ಅಗತ್ಯವೂ ಇರಲಿಲ್ಲ, ಬ್ಯಾಂಡೇಜು ಎಲ್ಲರಿಗೂ ಕಾಣುತ್ತಿತ್ತು. ಆದರೆ ಸಿಬ್ಬಂದಿ ಅಧಿಕಾರಿ ನಮ್ಮದೇ ಪತ್ರಿಕೆಯಲ್ಲಿ ಒಂದು ವರದಿ ಓದಿದ್ದರು: ರಕ್ತದಲ್ಲಿ ಉರಿಯೂತದ ಸೂಚಕಗಳು ಹೆಚ್ಚಿದ್ದವರಿಗೆ ಮುಂದೆ ಮರೆಗುಳಿ ಕಾಯಿಲೆಯ ಸಾಧ್ಯತೆ ಹೆಚ್ಚು. ನಮ್ಮ ಅಮ್ಮನಿಗೆ ಆ ಕಾಯಿಲೆ ಇದ್ದದ್ದೂ ಅವರಿಗೆ ಗೊತ್ತಿತ್ತು. ರಜೆ ಕೇಳುವಾಗ ಅಣ್ಣನೇ ಹೇಳಿಕೊಂಡಿದ್ದ. ಅವನನ್ನು ಪ್ರೆಸ್ಸಿನಿಂದ ತೆಗೆದು ಗೇಟ್ ಕಾಯಲು ಹಾಕಿದರು. ಅವನು ಕಲಿತಿದ್ದ ಕೆಲಸ ಪ್ರೆಸ್ ಒಂದೇ.

"ನಿಮ್ ಪೇಪರ್ನೋರು ನನ್ ಅನ್ನಕ್ಕೆ ಮಣ್ಣಾಕಿದ್ರಲ್ಲೋ," ಎಂದು ಅಣ್ಣ ನನ್ನ ಮೇಲೆ ಹರಿಹಾಯ್ದ.

ಮರುದಿನ ಅವನ ಜೊತೆ ಕಾರ್ಖಾನೆಗೆ ಹೋದೆ. ಅಧಿಕಾರಿ ನಮ್ಮನ್ನು ಕೂರಲು ಹೇಳಲಿಲ್ಲ.

"ಮಶೀನಲ್ಲಿ ಕೈ ಇಟ್ಟು ಮರ್ತೋದ್ರೆ? ತಲೆ ಹೋಗೋದು ನಂದು ಕಣ್ರೀ," ಎನ್ನುತ್ತ ಪತ್ರಿಕೆಯ ತುಣುಕನ್ನು ನನ್ನ ಮುಂದೆ ಎಸೆದರು.

ಆ ಪುಟ ಕಟ್ಟಿದವನು ನಾನೇ. ವರದಿಗೆ ಇನ್ನೊಂದು ಪ್ಯಾರಾ ಇತ್ತು. ಇದು ಬಹಳ ಜನರನ್ನು ವರ್ಷಗಟ್ಟಲೆ ನೋಡಿ ಹೇಳಿದ ಮಾತು, ಒಂದು ಪರೀಕ್ಷೆಯಿಂದ ಯಾರ ಭವಿಷ್ಯವನ್ನೂ ಹೇಳಲಾಗದು, ಜ್ವರ ಬಂದರೂ ಗಾಯವಾದರೂ ಸಿಆರ್‌ಪಿ ಏರುತ್ತದೆ ಎಂದು ಅದರಲ್ಲಿತ್ತು. ಕತ್ತರಿ ಅದರ ಮೇಲಿನ ಸಾಲಿಗೇ ನಿಂತಿತ್ತು.

"ಕೊನೇ ಪ್ಯಾರಾ ಎಲ್ಲಿ ಸಾರ್?"

"ಫೈಲಿಗೆ ಹಿಡಿಸ್ಲಿಲ್ಲ."

ಗಾಯ ಮಾದ ಮೇಲೆ ಹೊರಗಿನ ಲ್ಯಾಬಿನಲ್ಲಿ ಮತ್ತೆ ರಕ್ತ ಕೊಡಿಸಿದೆ. ಸಿಆರ್‌ಪಿ ಸಾಮಾನ್ಯ ಮಟ್ಟಕ್ಕೆ ಇಳಿದಿತ್ತು. ಆ ವರದಿಯನ್ನು ಅಧಿಕಾರಿ ಮುಟ್ಟಲೂ ಇಲ್ಲ.

"ಇವತ್ತು ನಾರ್ಮಲ್. ನಾಳೆ?"

"ನಿಮ್ದು ಎಷ್ಟೈತೆ ಸಾರ್?" ಎಂದ ಅಣ್ಣ.

"ಮ್ಯಾನೇಜ್‌ಮೆಂಟ್‌ಗೆ ಟೆಸ್ಟ್ ಇಲ್ಲ ಕಣಯ್ಯ. ಹೋಗು, ಗೇಟ್ ಹತ್ರ ಯಾರೂ ಇಲ್ಲ."

ಅಣ್ಣ ಹೋದ. ಮಾರನೆಯ ಬೆಳಿಗ್ಗೆಯಿಂದ ಅಧಿಕಾರಿಯ ಕಾರು ಬಂದಾಗಲೆಲ್ಲ ತಡೆಯತೊಡಗಿದ.

"ಯಾರು ಸಾರ್ ನೀವು?"

"ಏಯ್, ದಿನಾ ನೋಡಲ್ವೇನಯ್ಯ ನನ್ನ?"

"ನಂಗೆ ಮರೆವಿನ ಕಾಯ್ಲೆ ಬತ್ತದೆ ಅಂತ ನೀವೇ ಅಲ್ವಾ ಅಂದಿದ್ದು? ಅದು ಸುರುವಾಗೈತೆ. ಕಾರ್ಡ್ ತೋರ್ಸಿ ಒಳೀಕ್ ಓಗಿ."

ಹಿಂದೆ ನಿಂತ ಲಾರಿಯವರು ಹಾರ್ನ್ ಒತ್ತಿ ನಗುತ್ತಿದ್ದರು. ಗುರುತು ನೋಡದೆ ಒಳಗೆ ಬಿಡಬಾರದೆಂಬ ನಿಯಮ ಅಧಿಕಾರಿಯೇ ಬರೆದದ್ದಾದ್ದರಿಂದ ಅಣ್ಣನನ್ನು ಏನೂ ಮಾಡಲಾಗಲಿಲ್ಲ. ಪ್ರೆಸ್ಸನ್ನೂ ಅವನಿಗೆ ವಾಪಸ್ ಕೊಡಲಿಲ್ಲ. ಕೆಲವು ದಿನ ಸಹಿಸಿಕೊಂಡು ಅಧಿಕಾರಿ ಹಿಂದಿನ ಗೇಟಿನಿಂದ ಬರತೊಡಗಿದರು. ಅಣ್ಣ ಮೇಲ್ವಿಚಾರಕನನ್ನು ಕಾಡಿ ಬೇಡಿ ತನ್ನ ಡ್ಯೂಟಿಯನ್ನು ಹಿಂದಿನ ಗೇಟಿಗೆ ಹಾಕಿಸಿಕೊಂಡ.