ಗಿಡ್ಡ ರೆಕಾರ್ಡನ್ನು ಬಿಡದ ಅಕ್ಕ

ನಮ್ಮ ಆಫೀಸಿನ ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವವಳನ್ನು ಎಲ್ಲರೂ ಉಡದಕ್ಕ ಎನ್ನುತ್ತಾರೆ. ಉಡದ ಹಾಗೆ ಹಿಡಿದ ಪಟ್ಟು ಬಿಡುವವಳಲ್ಲ. ಕೊಡೆ ಮರೆತು ಮಳೆಯಲ್ಲಿ ಮನೆಗೆ ಹೋದಾಳು, ತಪ್ಪನ್ನು ಬಿಟ್ಟು ಹೋಗಳು. ರೆಕಾರ್ಡುಗಳನ್ನು ಸಾಲಾಗಿ ಜೋಡಿಸುವ ಸಾರ್ಟ್ ಕೆಲಸ ನಡುವೆ ನಿಂತ ದಿನ ಅವಳ ಚಹಾ ಕಪ್ಪಿನಲ್ಲೇ ತಣ್ಣಗಾಗುತ್ತದೆ, ಕನ್ನಡಕ ನೆತ್ತಿಗೇರುತ್ತದೆ, ಅದನ್ನು ಹುಡುಕಲು ಇಡೀ ವಿಭಾಗ ಮೇಜುಗಳಡಿ ತೂರುತ್ತದೆ. ನಮ್ಮ ಫೈಲಿನಲ್ಲಿ ಒಬ್ಬೊಬ್ಬ ಗ್ರಾಹಕನ ರೆಕಾರ್ಡಿಗೂ ಒಂದೊಂದು ಉದ್ದ. ಯಾವ ಜಾಗದ ಅಕ್ಷರ ನೋಡಿ ಸಾಲು ಜೋಡಿಸಬೇಕೋ ಅಲ್ಲಿಯವರೆಗೂ ಚಾಚದ ಗಿಡ್ಡ ರೆಕಾರ್ಡೊಂದು ಎದುರಾದರೆ ಇಡೀ ಸಾರ್ಟ್ ಮುಗ್ಗರಿಸಿ ಬೀಳುತ್ತದೆ. “ಅದೊಂದನ್ನ ಕಿತ್ತುಹಾಕಮ್ಮ, ಬೇಗ ಮುಗೀಲಿ” ಎಂದು ಮ್ಯಾನೇಜರಾದ ನಾನು ಅವಳ ತಲೆಯ ಮೇಲೆ ನಿಲ್ಲುತ್ತೇನೆ. “ಗಿಡ್ಡ ಅಂತ ಸಾಲಿಂದ ಆಚೆ ತಳ್ಳೋಕಾಗುತ್ತಾ ಸಾರ್? ಕೊನೇಲಿ ಖಾಲಿ ಜಾಗ ಸೇರಿಸಿ ನಿಲ್ಸೋಣ, ತಡೀರಿ” ಎನ್ನುತ್ತಾಳೆ. ‘ತಡೀರಿ’ ಎಂಬುದು ಅವಳ ಉಸಿರು; ಲಿಫ್ಟಿಗೂ ಅದೇ, ಫೋನಿಗೂ ಅದೇ, ನನಗೂ ಅದೇ. ಇದು ಬರೀ ಹಟವೆಂದು ನಗುತ್ತಿದ್ದೆ. ಮೊನ್ನೆ ಊಟಕ್ಕೆ ಕರೆದಿದ್ದಳೆಂದು ಅವಳ ಮನೆಗೆ ಹೋದೆ. ಲಕ್ವ ಹೊಡೆದು ಮಾತು ತೊದಲುವ ಅವಳ ಅಪ್ಪ ನನ್ನನ್ನು ನೋಡಿ “ನೀವು…” ಎಂದು ನಿಲ್ಲಿಸಿದರು. “ಕೂತ್ಕೊಳ್ಳಿ ಅಂತಿದಾರೆ” ಎಂದ ಅವಳ ತಮ್ಮ. ಅಕ್ಕ ಅವನ ಕೈ ಅದುಮಿದಳು. “ತಡಿಯೋ, ಅಪ್ಪ ಇನ್ನೂ ಮುಗಿಸಿಲ್ಲ.” ತಟ್ಟೆಯ ಅನ್ನ ಆರುವವರೆಗೂ ಕಾದೆವು. ಅಪ್ಪ ಮುಗಿಸಿದರು: “…ಇವಳಿಗೆ… ಅವಸರ… ಮಾಡ್ಬೇಡಿ.”