ಗಿಳಿ ಬಾರದ ಕುಸುಬಿ ಹೊಲ

ಮೊನ್ನೆ ತಂಗಿಯ ಮಗಳು ಹುಬ್ಬಳ್ಳಿಯ ದೊಡ್ಡ ಅಂಗಡಿಯಿಂದ ಒಂದು ಗಾಜಿನ ಬಾಟಲಿ ತಂದುಕೊಟ್ಟಳು. ಮೇಲೆ ಹಸಿರೆಲೆಯ ಚಿತ್ರ, ಅದರ ಬಾಜೂಕೆ ರುಮಾಲು ಸುತ್ತಿಕೊಂಡು ನಗುತ್ತಿರುವ ಒಬ್ಬ ಮುದುಕ. ಗಾಣದಲ್ಲಿ ತೆಗೆದ ಕುಸುಬಿ ಎಣ್ಣೆಯಂತೆ. ಮುಚ್ಚಳ ತೆಗೆದು ಮೂಗಿಗೆ ಹಿಡಿದೆ. ನಮ್ಮ ಓಣಿಯ ಗಾಣದ ಕಾಕಾ ಎದುರಿಗೆ ಬಂದು ನಿಂತಂತಾಯಿತು. ಅವರು ಮಾತ್ರ ಹೀಗೆ ನಗುತ್ತಿರಲಿಲ್ಲ...

ಅಣ್ಣಿಗೇರಿ ಕಡೆಯ ನಮ್ಮೂರಿನಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಎತ್ತು ಸುತ್ತುವ ಸಪ್ಪಳ, ಗಾಣದ ಕಿರುಗುಟ್ಟುವಿಕೆ ಕೇಳುತ್ತಲೇ ನಾನು ಬೆಳೆದೆ. ಕಾಕಾ ಮಾತು ಕಡಿಮೆ. ಅವರ ಹೆಂಡತಿ, ನಮಗೆ ಕಾಕು, ಇಬ್ಬರ ಮಾತನ್ನೂ ತಾನೇ ಆಡಿಬಿಡುತ್ತಿದ್ದಳು. ಬಿಸಿ ರೊಟ್ಟಿಯ ಮೇಲೆ ಚಟ್ನಿಪುಡಿ ಉದುರಿಸಿ, ಆಗಷ್ಟೇ ಇಳಿದ ಎಣ್ಣೆ ಸುರಿದು ಕೊಡುತ್ತಿದ್ದಳು.

ಆಗ ಹಿಂಗಾರಿಯಲ್ಲಿ ಕುಸುಬಿ ಇಲ್ಲದ ಕರಿ ಎರಿಮಣ್ಣಿನ ಹೊಲವೇ ಇರಲಿಲ್ಲ. ಜೋಳ, ಕಡಲೆ, ಗೋಧಿ ಏನೇ ಬಿತ್ತಲಿ, ಅಂಚಿಗೆ ಕುಸುಬಿಯ ಸಾಲು. ಅದರ ಮುಳ್ಳಿಗೆ ಹೆದರಿ ದನ ಒಳಗೆ ಕಾಲಿಡುತ್ತಿರಲಿಲ್ಲ. ಮಳೆಯನ್ನೂ ಅದು ಹೆಚ್ಚು ಬೇಡುತ್ತಿರಲಿಲ್ಲ. ಎರಿಯೊಳಗಿನ ಹಸಿ, ಮಾಗಿಯ ಚಳಿ, ಮುಂಜಾನೆಯ ಇಬ್ಬನಿ ಸಿಕ್ಕರೆ ಬೆಳೆದುಬಿಡುತ್ತಿತ್ತು. ಹೂವಿಗೆ ಜೇನು ಬರುತ್ತಿದ್ದವು, ಕಾಳಿಗೆ ಗಿಳಿ. ಅವು ತಿಂದು ಉಳಿದದ್ದು ಕಾಕಾನ ಗಾಣಕ್ಕೆ, ಗಾಣದ ಹಿಂಡಿ ಊರ ಎತ್ತುಗಳಿಗೆ. ವರ್ಷದ ಮೊದಲ ಎಣ್ಣೆಯನ್ನು ಕಾಕಾ ಬಸವಣ್ಣನ ಗುಡಿಯ ದೀಪಕ್ಕೆ ಕೊಡುತ್ತಿದ್ದರು.

ನಾನು ಕಾಲೇಜಿಗೆ ಹೋಗುವ ಹೊತ್ತಿಗೆ ಪಾಕೀಟಿನ ಎಣ್ಣೆ ಬಂತು. ಬಣ್ಣ ತಿಳಿ, ವಾಸನೆ ಇಲ್ಲ, ಅಗದಿ ಸೋವಿ. ಸಮುದ್ರದಾಚೆಯ ತಾಳೆ ತೋಟಗಳಿಂದ ಹಡಗಿನಲ್ಲಿ ಬರುತ್ತದೆಂದು ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೊಳ್ಳುತ್ತಲೇ ಇರುತ್ತಿದ್ದರು. ಗಾಣದ ಎಣ್ಣೆ ಕೇಳುವವರಿಲ್ಲದ ಮೇಲೆ ಕುಸುಬಿ ಬಿತ್ತುವವರೂ ಇಲ್ಲವಾದರು. ಆ ಸಾಲುಗಳಿಗೆ ಹೊಸ ಹತ್ತಿ ಬಂತು, ಗೋವಿನಜೋಳ ಬಂತು, ಹಿಂದೆಯೇ ಔಷಧ ಹೊಡೆಯುವ ಪಂಪು ಬಂತು. ಕಾಕಾ ಎತ್ತು ಮಾರಿದರು. ಗಾಣ ಕೊಡಲಿಲ್ಲ. ತಮ್ಮ ಹೊಲದ ತುಂಬ ಕುಸುಬಿ ಬಿತ್ತಿ, ವರ್ಷಕ್ಕೊಮ್ಮೆ ಯಾರದೋ ಎತ್ತು ಕೇಳಿ ತಂದು ಗಾಣ ಹೂಡುತ್ತಿದ್ದರು.

"ಊರ ಮಂದಿ ಏನರ ತಿನ್ಲಿ. ದೀಪಕ್ಕ ಮಾತ್ರ ನನ್ನ ಗಾಣದ್ದ ಎಣ್ಣಿ" ಎನ್ನುತ್ತಿದ್ದರು.

ಸುತ್ತಲಿನ ಸೀಮೆಗೆ ಅದೊಂದೇ ಕುಸುಬಿ ಹೊಲ ಉಳಿದಾಗ ಸೀಮೆಯ ಗಿಳಿಗಳೆಲ್ಲ ಅಲ್ಲಿಗೇ ಬಂದವು. ಮೊದಮೊದಲು ಕಾಕು ಗಂಗಾಳ ಬಡಿದು ಓಡಿಸಲು ಹೋದರೆ ಕಾಕಾನೇ ತಡೆಯುತ್ತಿದ್ದರು. "ಇರ್ಲಿ ಬಿಡ. ಅವಕ್ಕರ ಬ್ಯಾರೆ ಹೊಲಾ ಎಲ್ಲೈತಿ?"

ಆಮೇಲೆ ಮಾಗಿಯೇ ಕೆಟ್ಟಿತು. ಚಳಿ ಬಂದಂತೆ ಮಾಡಿ ಹೋಯಿತು, ಇಬ್ಬನಿ ಬೀಳಲಿಲ್ಲ. ಹೂವಿನ ಹೊತ್ತಿಗೆ ಮೋಡ ಮುಚ್ಚಿ ಅಕಾಲದ ಮಳೆ ಹಿಡಿಯಿತು, ಗಿಡದ ತುಂಬ ಕರಿ ಹೇನು ಕೂತವು. ಒಂದು ವರ್ಷವಂತೂ ಕಾಳೆಲ್ಲ ಜೊಳ್ಳು. ಗಟ್ಟಿಯಿದ್ದ ಅಷ್ಟಿಷ್ಟನ್ನೂ ಗಿಳಿ ಒಯ್ದವು. ಗಾಣ ಹೂಡುವಷ್ಟು ಮನೆಗೆ ಬರಲಿಲ್ಲ. ಗುಡಿಯಲ್ಲಿ ಪೂಜಾರಿ ಪಾಕೀಟು ಹರಿದು ದೀಪಕ್ಕೆ ಸುರಿದದ್ದನ್ನು ಕಾಕಾ ಕಟ್ಟೆಯ ಮೇಲೆ ಕೂತು ನೋಡಿದರು. ಆವತ್ತು ಅವರು ಉಣ್ಣಲಿಲ್ಲವೆಂದು ಕಾಕು ನಮ್ಮವ್ವನ ಮುಂದೆ ಹೇಳಿದಳು.

ಮರುವರ್ಷ ಕಾಳು ಕಟ್ಟುವ ಕಾಲಕ್ಕೆ ನಾನು ತವರಿಗೆ ಬಂದಿದ್ದೆ. ಒಂದು ಮುಂಜಾನೆ ಕಾಕು ಹೊಲದಿಂದ ಸೆರಗು ಗಂಟು ಕಟ್ಟಿಕೊಂಡು ಬಂದಳು. ತಮ್ಮ ಮನೆಯ ಕಟ್ಟೆಯ ಮೇಲೆ ಬಿಚ್ಚಿದಳು. ಸೆರಗಿನ ತುಂಬ ಗಿಳಿಗಳು. ಒಂದೂ ಮಿಸುಕಲಿಲ್ಲ. ಕಾಕಾ ಹತ್ತಿಗೆ ಹೊಡೆಯುವ ಔಷಧವನ್ನು ಜೋಳಕ್ಕೆ ಕಲಸಿ ಬದುವಿನ ಮೇಲೆ ಚೆಲ್ಲಿ ಬಂದಿದ್ದರು.

ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಕಾಕು ಇಷ್ಟೇ ಅಂದಳು: "ನೋಡ್ರಿ, ನಿಮ್ಮ ದೀಪದ ಎಣ್ಣಿ."



ಗಿಳಿಗಳಷ್ಟೇ ಸತ್ತಿದ್ದರೆ ಯಾರೂ ಕೇಳುತ್ತಿರಲಿಲ್ಲವೇನೋ. ಬದುವಿನ ಆಚೆ ಒಂದು ನವಿಲೂ ಬಿದ್ದಿತ್ತು. ಮಧ್ಯಾಹ್ನ ಅರಣ್ಯದವರ ಜೀಪು ಬಂತು. ವಿಷ ಇಟ್ಟವರು ಯಾರೆಂದು ಕೇಳಿದರು.

"ನಾನ ಇಟ್ಟೀನ್ರಿ."

"ಯಾಕ?"

ಕಾಕಾ, "ಬ್ಯಾರೆ ಯಾರ ಮ್ಯಾಲೆ ಸಿಟ್ಟ ತೀರಿಸ್ಬೇಕು ತಿಳೀಲಿಲ್ರಿ" ಅಂದರು. ಓಣಿಯ ಮಂದಿಯೆಲ್ಲ ನೋಡುತ್ತಿರುವಾಗ ಜೀಪು ಹತ್ತಿದರು.

ಜಾಮೀನಿನ ಮೇಲೆ ಅವರನ್ನು ಬಿಡಿಸಿ ತಂದವರು ನಮ್ಮಪ್ಪ. ಬೆಳೆ ಇನ್ನೂ ಹೊಲದಲ್ಲೇ ನಿಂತಿತ್ತು. ಕಾಕಾ ಕೊಯ್ಯಲಿಲ್ಲ. ಔಷಧದ ಜೋಳವನ್ನೆಲ್ಲ ಬಳಿದು ಹುಗಿದು, "ಹಕ್ಕಿ ತಿನ್ಲಿ" ಅಂದು ದಿನಾ ಮುಂಜಾನೆ ಹೋಗಿ ಬದುವಿನ ಮೇಲೆ ಕೂತರು. ಒಂದು ಗಿಳಿಯೂ ಬರಲಿಲ್ಲ. ಕುಸುಬಿ ನಿಂತಲ್ಲೇ ಒಣಗಿತು, ಕಾಳು ನೆಲಕ್ಕೆ ಉದುರಿತು. ಮುಂದಿನ ಮುಂಗಾರಿಗೆ ಹೊಲವನ್ನು ಹತ್ತಿ ಬೆಳೆಯುವವರಿಗೆ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟರು. ಗಾಣದ ಮೇಲೆ ಕಟ್ಟಿಗೆ ಒಟ್ಟಿದರು. ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದರು. ಕೆಲವು ವರ್ಷಗಳ ಮೇಲೆ ಒಂದು ಸುಡು ಬೇಸಿಗೆಯಲ್ಲಿ ಹೋಗಿಬಿಟ್ಟರು...

ಹಸಿರುಮನೆ ಪರಿಣಾಮವೆಂದು ನಾನೂ ಶಾಲೆಯಲ್ಲಿ ಓದಿದವಳೇ. ಸೂರ್ಯ, ಗಾಜಿನ ಮನೆ, ಒಳಗೆ ಸಿಕ್ಕಿಬಿದ್ದ ಬಿಸಿಲಿನ ಬಾಣಗಳನ್ನು ಬರೆದು ಅಂಕ ತೆಗೆದುಕೊಂಡವಳು. ಆ ಚಿತ್ರದೊಳಗೆ ಕಾಕಾನ ಹೊಲವೂ ಇತ್ತೆಂದು ತಿಳಿದದ್ದು ಬಹಳ ತಡವಾಗಿ. ತಾಳೆ ಹಚ್ಚಲು ಅಲ್ಲೆಲ್ಲೋ ದ್ವೀಪಗಳಲ್ಲಿ ಕಾಡು ಕಡಿದರು, ಸುಟ್ಟರು. ಅಲ್ಲಿಯ ಹಕ್ಕಿಗಳು ಎಲ್ಲಿಗೆ ಹೋದವೋ. ಆ ಹೊಗೆ, ಹಡಗಿನ ಹೊಗೆ, ಕಾರಖಾನೆಗಳದು, ನಮ್ಮ ಗಾಡಿಗಳದು ಎಲ್ಲ ಕೂಡಿ ಭೂಮಿಯ ಮೇಲೆ ಕೌದಿ ಹೊದಿಸಿದಂತೆ ಕೂತಿದೆ. ಕಾಕಾನ ಗಾಣ ನಿಲ್ಲಿಸಿದ ಎಣ್ಣೆಗೆ ಅವರ ಇಬ್ಬನಿ ಕಸಿದುಕೊಂಡದ್ದರಲ್ಲೂ ಪಾಲಿದೆ. ಆ ಕಾಡು ಸುಟ್ಟವರ ಬಾಗಿಲಿಗೆ ಜೀಪು ಹೋದದ್ದನ್ನು ನಾನು ಕೇಳಿಲ್ಲ.

ಈ ಸಲ ಪುಷ್ಯ ಮಾಸದಲ್ಲಿ ಊರಿಗೆ ಹೋಗಿದ್ದೆ. ಕಾಕು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಕಾಕಾ ತೀರಿದ ಮೇಲೂ ನವಿಲಿನ ಕೇಸಿಗೆ ಕೋರ್ಟಿನಿಂದ ಅವರ ಹೆಸರಿಗೇ ಸಮನ್ಸ್ ಹಿಡಿದು ಒಬ್ಬ ಪೇದೆ ಬಂದಿದ್ದನಂತೆ.

"ನೀ ಏನಂದಿ ಕಾಕು?" ಎಂದು ಕೇಳಿದೆ.

"ಏನನ್ನಲಿ? ಅವರೂ ಇಲ್ರಿ, ಹಕ್ಕೀನೂ ಇಲ್ಲ, ಯಾರನ್ನ ಕರೀತೀರಿ ಅಂದೆ."

ಇನ್ನೂ ಬಿಸಿಲೇರಿರಲಿಲ್ಲ. ಚಳಿಗೆ ಕೌದಿ ಹೊದ್ದು ಕೂರಬೇಕಾದ ಹೊತ್ತಿನಲ್ಲಿ ಕಾಕು ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತ ಹೊಲದ ಕಡೆ ನೋಡುತ್ತಿದ್ದಳು.